ಶಾಲೆಯ ಬಂದೂಕು ಸುರಕ್ಷತಾ ಪತ್ರ, ಲಾಕ್‌ಡೌನ್ ಸಂದೇಶ: ಅಮೆರಿಕದ ಕನ್ನಡ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ಕನ್ನಡ ತಂದೆತಾಯಂದಿರಿಗಾಗಿ ಬರೆದದ್ದು ಇದು. ರಾಜ್ಯ ಕಾನೂನಿನ ವಿವರಗಳು ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯದವರು ಆ ಭಾಗವನ್ನು ತಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಬೀಗ ಹಾಕುವ ಕ್ರಮ ಮತ್ತು ಶಾಲೆಯ ಸಂದೇಶ ಓದುವ ಬಗೆ ಎಲ್ಲರಿಗೂ ಒಂದೇ.

ಶಾಲೆ ಶುರುವಾಗುತ್ತಲೇ ಬಂದೂಕಿನ ಬಗ್ಗೆ ಪತ್ರ ಬಂದಿದೆ. ನಮ್ಮ ಶಾಲೆಯಲ್ಲಿ ಏನಾದರೂ ನಡೆದಿದೆಯೇ?

ಇಲ್ಲ, ಗಾಬರಿ ಬೇಡ. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಬಿ 452 ಎಂಬ ಮಸೂದೆ ಕಾನೂನಾಯಿತು. ಅದರಂತೆ 2023ರ ಜುಲೈನಿಂದ ರಾಜ್ಯದ ಶಾಲಾ ಡಿಸ್ಟ್ರಿಕ್ಟ್‌ಗಳು ಮತ್ತು ಚಾರ್ಟರ್ ಶಾಲೆಗಳು ವರ್ಷದ ಮೊದಲ ಸೆಮಿಸ್ಟರ್ ಅಥವಾ ಕ್ವಾರ್ಟರ್ ಆರಂಭದಲ್ಲಿ ಎಲ್ಲ ಪಾಲಕರಿಗೂ ಇಂಥ ಪತ್ರ ಕಳಿಸಲೇಬೇಕು. ಬಂದೂಕನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬ ಕಾನೂನುಗಳ ಸಾರಾಂಶ ಅದರಲ್ಲಿರುತ್ತದೆ. ಮಾದರಿ ಪತ್ರವನ್ನು ರಾಜ್ಯ ಶಿಕ್ಷಣ ಇಲಾಖೆಯೇ ಒದಗಿಸುವುದರಿಂದ ಪಕ್ಕದ ಊರಿನ ಶಾಲೆಯ ಪತ್ರವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ನಮ್ಮ ಮನೆಯಲ್ಲಿ ಬಂದೂಕೇ ಇಲ್ಲ. ಆದರೂ ಓದಬೇಕೇ?

ಓದಬೇಕು. ನಿಮ್ಮ ಮಗು ಹೋಗಿಬರುವ ಎಲ್ಲ ಮನೆಗಳೂ ನಿಮ್ಮ ಮನೆಯಂತೆ ಇರುವುದಿಲ್ಲ. ಅಮೆರಿಕದ ಸೀಕ್ರೆಟ್ ಸರ್ವೀಸ್ 2008ರಿಂದ 2017ರವರೆಗೆ ಶಾಲೆಗಳಲ್ಲಿ ನಡೆದ 41 ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದ ದಾಳಿಕೋರರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಅದು ಸಿಕ್ಕಿದ್ದು ತಂದೆತಾಯಿಯ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಆ ಪ್ರಕರಣಗಳಲ್ಲಿ ಅರ್ಧದಷ್ಟರಲ್ಲಿ ಬಂದೂಕು ಸುಲಭವಾಗಿ ಕೈಗೆಟಕುವಂತಿತ್ತು, ಇಲ್ಲವೇ ಹೆಸರಿಗಷ್ಟೇ ಭದ್ರವಾಗಿತ್ತು.

ಸುದ್ದಿಯಾಗುವುದು ಶಾಲೆಯ ದಾಳಿಗಳು. ಅದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳು ಮನೆಯೊಳಗೇ ಆಕಸ್ಮಿಕವಾಗಿ ಸಿಡಿದ ಗುಂಡಿಗೆ ಮತ್ತು ಆತ್ಮಹತ್ಯೆಗೆ ಬಲಿಯಾಗುತ್ತಾರೆ. 2020ರಿಂದ ಈ ದೇಶದಲ್ಲಿ ಒಂದು ವರ್ಷ ದಾಟಿದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು. ವಾಹನ ಅಪಘಾತವೂ ಅದರ ನಂತರ. ಪತ್ರದ ನಿಜವಾದ ಗುರಿ ಈ ಸಾವುಗಳನ್ನು ತಪ್ಪಿಸುವುದು.

ಪತ್ರ ಓದಿದ್ದೇವೆಂದು ಸಹಿ ಹಾಕಿದರೆ ನಮ್ಮ ಹೆಸರು ಯಾವುದಾದರೂ ಪಟ್ಟಿಗೆ ಸೇರುತ್ತದೆಯೇ?

ಸೇರುವುದಿಲ್ಲ. ಅದು ಮಾಹಿತಿ ಪತ್ರ. ನಿಮ್ಮ ಬಳಿ ಬಂದೂಕು ಇದೆಯೇ ಎಂದು ಆ ಕಾನೂನು ಕೇಳುವುದಿಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಇಟ್ಟುಕೊಳ್ಳಬಹುದೇ?

ಸಾಮಾನ್ಯವಾಗಿ ಇಲ್ಲ. ಎಚ್-1ಬಿ, ಎಚ್-4, ಎಫ್-1, ಎಲ್-1 ಇವೆಲ್ಲ ವಲಸೆಯೇತರ ವೀಸಾಗಳು. ಇಂಥ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನಂಬಿ ಅಂಗಡಿಗೆ ಹೋಗಬೇಡಿ. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ವಲಸೆ ಕಾನೂನಿನಲ್ಲಿ ಅದೇ ಗಡೀಪಾರಿಗೆ ಕಾರಣವಾಗಬಹುದು. ಗ್ರೀನ್ ಕಾರ್ಡ್ ಇದ್ದವರು ಬಂದೂಕು ಕೊಳ್ಳಬಹುದು, ಆದರೆ ಈ ಗಡೀಪಾರಿನ ಮಾತು ಅವರಿಗೂ ಅನ್ವಯಿಸುತ್ತದೆ. ಗೆಳೆಯ ಊರಿಗೆ ಹೋಗುವಾಗ "ಇದನ್ನು ನಿಮ್ಮನೆಯಲ್ಲಿ ಇಟ್ಟಿರಿ" ಎಂದು ಪೆಟ್ಟಿಗೆ ಕೊಟ್ಟರೆ ವೀಸಾದಲ್ಲಿರುವವರು ಮುಲಾಜಿಲ್ಲದೆ ಆಗುವುದಿಲ್ಲ ಎನ್ನಬೇಕು.

ನಾವು ಕೊಡಗಿನವರು. ನಮ್ಮ ಮನೆತನಕ್ಕೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ?

ಅದು ಭಾರತದೊಳಗಿನ ಮಾತು. ಕೊಡವ ಸಮುದಾಯದವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನು ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿದೆ. ಅಮೆರಿಕದಲ್ಲಿ ಅದಕ್ಕೆ ಯಾವ ಬೆಲೆಯೂ ಇಲ್ಲ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವರಿಗೆ ಆಯುಧದ ಬಗ್ಗೆ ಭಯಭಕ್ತಿ ಇರುತ್ತದೆ. ಆದರೆ ಇಲ್ಲಿ ಹುಟ್ಟಿ ಬೆಳೆದ ಮಗುವಿಗೂ ಅದು ತಾನಾಗಿ ಬಂದಿರುತ್ತದೆಂದು ಎಣಿಸಬೇಡಿ. ಪೂಜೆ ಮುಗಿದ ಮೇಲೆ ಕೋವಿ ಬೀಗದೊಳಗೆ ಹೋಗಲಿ.

ಬಂದೂಕು ಇಡುವ ಬಗ್ಗೆ ಕ್ಯಾಲಿಫೋರ್ನಿಯಾ ಕಾನೂನು ಏನು ಹೇಳುತ್ತದೆ?

18 ವರ್ಷದೊಳಗಿನವರಿಗೆ ಸಿಗಬಹುದೆಂದು ನಿಮಗೆ ಗೊತ್ತಿರುವ, ಅಥವಾ ಗೊತ್ತಿರಬೇಕಾದ ಜಾಗದಲ್ಲಿ ಬಂದೂಕನ್ನು ಅಜಾಗರೂಕತೆಯಿಂದ ಇಟ್ಟರೆ ಅದೇ ಅಪರಾಧ. ಮಗು ಅದನ್ನು ಮುಟ್ಟಿರಲೇಬೇಕೆಂದಿಲ್ಲ. ಮಗು ಅದನ್ನು ತೆಗೆದು ಯಾರಿಗಾದರೂ ಗಾಯವಾದರೆ, ಸಾವಾದರೆ ಶಿಕ್ಷೆ ಏರುತ್ತಾ ಹೋಗುತ್ತದೆ, ಜೈಲಿನವರೆಗೂ. ಮಗು ಅದನ್ನು ಶಾಲೆಗೆ ಒಯ್ದರೆ ಇಟ್ಟವರಿಗೆ ಒಂದು ವರ್ಷದವರೆಗೆ ಕೌಂಟಿ ಜೈಲು, 5,000 ಡಾಲರ್‌ವರೆಗೆ ದಂಡ ಬೀಳಬಹುದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅಥವಾ ಬಂದೂಕು ಹಾರದಂತೆ ಬೀಗ ತೊಡಿಸಿದ್ದರೆ ಕಾನೂನು ನಿಮ್ಮ ಕಡೆಗಿರುತ್ತದೆ.

ಇದರ ಜೊತೆಗೆ 2024ರಲ್ಲಿ ಸಹಿಯಾದ ಎಸ್‌ಬಿ 53 ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ, ಬಂದೂಕು ನಿಮ್ಮ ಮೈಮೇಲೆ ಅಥವಾ ಕೈಯಳತೆಯಲ್ಲಿ ಇಲ್ಲದಾಗ ರಾಜ್ಯ ನ್ಯಾಯ ಇಲಾಖೆಯ ಒಪ್ಪಿಗೆ ಪಡೆದ ಸಾಧನದಿಂದ ಅದನ್ನು ಭದ್ರಪಡಿಸಿರಬೇಕು. ಕೊಳ್ಳುವ ಮುನ್ನ ಆ ಇಲಾಖೆಯ ಜಾಲತಾಣದ ಪಟ್ಟಿಯಲ್ಲಿ ಮಾಡೆಲ್ ಸಂಖ್ಯೆ ಇದೆಯೇ ನೋಡಿ. ಅಗ್ಗದ ಆನ್‌ಲೈನ್ ಪೆಟ್ಟಿಗೆಗಳು ಎಷ್ಟೋ ಸಲ ಪಟ್ಟಿಯಲ್ಲಿರುವುದಿಲ್ಲ.

ಬೀರುವಿನ ಮೇಲಿನ ಅರೆಯಲ್ಲಿ, ಬಟ್ಟೆಯ ಹಿಂದೆ ಇಟ್ಟಿದ್ದೇವೆ. ಮಕ್ಕಳಿಗೆ ಗೊತ್ತೇ ಇಲ್ಲ. ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ಅಲಬಾಮಾದ ಗ್ರಾಮೀಣ ಕ್ಲಿನಿಕ್ ಒಂದರಲ್ಲಿ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. "ಬಂದೂಕು ಎಲ್ಲಿದೆಯೆಂದು ನಮ್ಮ ಮಗುವಿಗೆ ಗೊತ್ತಿಲ್ಲ" ಎಂದ ಪಾಲಕರಲ್ಲಿ ನೂರಕ್ಕೆ 39 ಮಂದಿಯ ಮಕ್ಕಳು ತಮಗೆ ಗೊತ್ತು ಎಂದರು. "ಮುಟ್ಟಿಯೇ ಇಲ್ಲ" ಎಂದವರಲ್ಲಿ ನೂರಕ್ಕೆ 22 ಮಂದಿಯ ಮಕ್ಕಳು ಮುಟ್ಟಿದ್ದೇವೆ ಎಂದರು. ದೀಪಾವಳಿಗೆ ತಂದ ಸಿಹಿ ಯಾವ ಡಬ್ಬಿಯಲ್ಲಿದೆ ಎಂದು ಪತ್ತೆ ಹಚ್ಚುವ ಮಗುವಿಗೆ ಬಟ್ಟೆಯ ಹಿಂದಿನ ಪಿಸ್ತೂಲು ದೂರವಲ್ಲ.

ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು 15 ವರ್ಷದ ಹುಡುಗನೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. ತಂದೆ ಕೆಲವೇ ದಿನಗಳ ಹಿಂದೆ ಕೊಂಡಿದ್ದ ಪಿಸ್ತೂಲು ಅದು. ಅದರ ಜೊತೆ ಬಂದಿದ್ದ ಕೇಬಲ್ ಬೀಗ (ಬಂದೂಕಿನೊಳಗೆ ತೂರಿಸುವ ತಂತಿಯ ಬೀಗ) ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮನೆಯಲ್ಲೇ ಬಿದ್ದಿತ್ತು. ಬೇರೆ ಬಂದೂಕುಗಳಿದ್ದ ಸೇಫಿಗೆ ಕಾರ್ಖಾನೆಯಿಂದ ಬಂದ 0-0-0 ಸಂಖ್ಯೆಯೇ ಉಳಿದಿತ್ತು. ತಾಯಿ ತಂದೆ ಇಬ್ಬರಿಗೂ 2024ರಲ್ಲಿ ನರಹತ್ಯೆಯ ಆರೋಪ ಸಾಬೀತಾಗಿ ತಲಾ 10ರಿಂದ 15 ವರ್ಷದ ಸೆರೆವಾಸ ಆಯಿತು.

ಹಾಗಾದರೆ ಸರಿಯಾಗಿ ಇಡುವುದೆಂದರೆ ಹೇಗೆ?

ಬಂದೂಕಿನಿಂದ ಗುಂಡು ತೆಗೆದಿರಬೇಕು, ಬಂದೂಕಿಗೆ ಬೀಗ ಇರಬೇಕು, ಗುಂಡು ಬೇರೆ ಕಡೆ ಇರಬೇಕು, ಅದಕ್ಕೂ ಬೀಗ ಇರಬೇಕು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಆತ್ಮಹತ್ಯೆ ಮತ್ತು ಆಕಸ್ಮಿಕ ಗಾಯ ಕಡಿಮೆ ಇರುವುದರೊಂದಿಗೆ ತಳಕು ಹಾಕಿಕೊಂಡಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ. ಎರಡು ಬೀಗಕ್ಕೂ ಒಂದೇ ಕೀಲಿ ಗೊಂಚಲು ಬೇಡ.

ಯಾವ ಬೀಗ ಕೊಳ್ಳಬೇಕು?

ಕೇಬಲ್ ಬೀಗ ಎಲ್ಲಕ್ಕಿಂತ ಅಗ್ಗ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಎಂಬ ಕಾರ್ಯಕ್ರಮದಡಿ ಹಲವು ಪೊಲೀಸ್ ಠಾಣೆಗಳು ಅದನ್ನು ಪುಕ್ಕಟೆ ಕೊಡುತ್ತವೆ. ತುರ್ತಲ್ಲದ ಸಂಖ್ಯೆಗೆ ಫೋನ್ ಮಾಡಿ ಕೇಳಿದರೆ ಸಾಕು. ಪರವಾನಗಿ ಪಡೆದ ಅಂಗಡಿಯವರು ಕೈಬಂದೂಕು ಮಾರುವಾಗ ಇಂಥ ಸಾಧನವೊಂದನ್ನು ಜೊತೆಗೆ ಕೊಡಬೇಕೆಂದು 2005ರ ಫೆಡರಲ್ ಕಾನೂನೂ ಹೇಳುತ್ತದೆ. ಸಣ್ಣ ಮಕ್ಕಳ ಮಟ್ಟಿಗೆ ಇದು ಒಳ್ಳೆಯ ತಡೆ. ಆದರೆ ತಂತಿ ಕತ್ತರಿಸುವ ಗಟ್ಟಿ ಕಟ್ಟರ್ ಇದ್ದ ಹದಿನೈದರ ಹುಡುಗನನ್ನು ಇದೊಂದೇ ತಡೆಯಲಾರದು.

ಟ್ರಿಗರ್ ಬೀಗ ಎರಡು ಹೋಳಾಗಿ ಬಂದು ಟ್ರಿಗರ್ ಸುತ್ತ ಕಚ್ಚಿಕೊಳ್ಳುತ್ತದೆ. ಗುಂಡು ತುಂಬಿದ ಬಂದೂಕಿಗೆ ಇದನ್ನು ಎಂದೂ ಹಾಕಬಾರದು. ಹಾಕುವಾಗಲೇ ಟ್ರಿಗರ್ ಒತ್ತಿ ಗುಂಡು ಹಾರಬಹುದು.

ನಮ್ಮ ಅಭಿಪ್ರಾಯ ಕೇಳಿದರೆ, ಹದಿಹರೆಯದ ಮಕ್ಕಳಿರುವ ಮನೆಗೆ ಉಕ್ಕಿನ ಪೆಟ್ಟಿಗೆ ಅಥವಾ ಸೇಫ್ ಬೇಕೇ ಬೇಕು. ಅದರೊಳಗಿನ ಬಂದೂಕಿಗೆ ಕೇಬಲ್ ಬೀಗವೂ ಇರಲಿ. ಗಾಜಿನ ಬಾಗಿಲಿನ ಚೆಂದದ ಕಪಾಟು ಪ್ರದರ್ಶನಕ್ಕೆ ಸರಿ, ಭದ್ರತೆಗೆ ಅಲ್ಲ.

ಕೇಬಲ್ ಬೀಗ ಹಾಕುವ ಸರಿಯಾದ ಕ್ರಮ ಯಾವುದು?

ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಎಂದುಕೊಳ್ಳಿ. ನಳಿಕೆ ಯಾರ ಕಡೆಗೂ ಇಲ್ಲದಂತೆ, ಬೆರಳು ಟ್ರಿಗರ್‌ನಿಂದ ಹೊರಗಿರುವಂತೆ ಹಿಡಿಯಿರಿ. ಮೊದಲು ಮ್ಯಾಗಜಿನ್, ಅಂದರೆ ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿ, ಹೊರತೆಗೆಯಿರಿ. ಆಮೇಲೆ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಪೂರ್ತಿ ಹಿಂದಕ್ಕೆಳೆದು ಅಲ್ಲೇ ನಿಲ್ಲುವಂತೆ ಸಿಕ್ಕಿಸಿ. ಚೇಂಬರಿನಲ್ಲಿ (ಹಾರುವ ಮುನ್ನ ಗುಂಡು ಕೂರುವ ಗೂಡು) ಗುಂಡಿದ್ದರೆ ಆಗ ಹೊರಗೆ ಬೀಳುತ್ತದೆ. ಬೆಳಕಿಗೆ ಹಿಡಿದು ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಇನ್ನು ಕೇಬಲ್ಲಿನ ತುದಿಯನ್ನು ಖಾಲಿ ತೋಟಾ ಹೊರಬೀಳುವ ಮೇಲಿನ ಕಿಂಡಿಯಿಂದ ಇಳಿಸಿ, ಹಿಡಿಕೆಯ ತಳದಲ್ಲಿ ಮ್ಯಾಗಜಿನ್ ಕೂರುವ ರಂಧ್ರದಿಂದ ಹೊರಗೆಳೆದು, ಬೀಗಕ್ಕೆ ಸೇರಿಸಿ ಒತ್ತಿ. ಕೀಲಿ ತೆಗೆದು ಒಮ್ಮೆ ಜಗ್ಗಿ ನೋಡಿ. ಸರಿಯಾಗಿ ಹಾಕಿದ್ದರೆ ಸ್ಲೈಡ್ ಮುಚ್ಚಲಾಗದು, ಮ್ಯಾಗಜಿನ್ ಕೂರಲಾರದು.

ಹೆಚ್ಚಾಗಿ ಆಗುವ ತಪ್ಪು ಎರಡು. ಒಂದು, ಮ್ಯಾಗಜಿನ್ ತೆಗೆಯದೆ ಸ್ಲೈಡ್ ಎಳೆಯುವುದು. ಒಂದು ಗುಂಡು ಹೊರಬಿದ್ದದ್ದನ್ನು ಕಂಡು ಖಾಲಿಯಾಯಿತೆಂದು ಅಂದುಕೊಳ್ಳುತ್ತಾರೆ. ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್ನಿನ ಮುಂದಿನ ಗುಂಡು ಚೇಂಬರಿಗೆ ಏರಿರುತ್ತದೆ. ಮ್ಯಾಗಜಿನ್ ತೆಗೆದು ಸ್ಲೈಡ್ ಎಳೆಯದೆ ಬಿಟ್ಟರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಇನ್ನೊಂದು, ಕೇಬಲ್ಲನ್ನು ಬರೀ ಟ್ರಿಗರ್ ಸುತ್ತಿನ ಬಳೆಯಲ್ಲಿ ತೂರಿಸಿ ಬೀಗ ಹಾಕುವುದು. ನೋಡಲು ಬೀಗ ಇದೆ, ಆದರೆ ಬಂದೂಕು ಹಾರುತ್ತದೆ.

ರಿವಾಲ್ವರ್ ಆದರೆ ಸಿಲಿಂಡರ್ ಹೊರಕ್ಕೆ ತೆರೆದು ಎಲ್ಲ ಗುಂಡುಗಳನ್ನೂ ತೆಗೆದು, ಸಿಲಿಂಡರ್ ಕೂರುವ ಚೌಕಟ್ಟಿನ ಖಾಲಿ ಜಾಗದಲ್ಲಿ ಕೇಬಲ್ ತೂರಿಸಿ. ಸಿಲಿಂಡರ್ ಮತ್ತೆ ಮುಚ್ಚಬಾರದು. ಪಂಪ್ ಶಾಟ್‌ಗನ್ ಆದರೆ ಆಕ್ಷನ್ (ಗುಂಡನ್ನು ಚೇಂಬರಿಗೆ ಸೇರಿಸುವ ಭಾಗ) ತೆರೆದಿಟ್ಟು ಪಕ್ಕದ ಕಿಂಡಿಯಿಂದ ಗುಂಡು ತುಂಬುವ ಕೆಳಗಿನ ಬಾಯಿಗೆ. ಬೋಲ್ಟ್ ರೈಫಲ್‌ಗೆ ಬೋಲ್ಟನ್ನೇ (ಗುಂಡನ್ನು ಚೇಂಬರಿಗೆ ತಳ್ಳುವ ಉಕ್ಕಿನ ಸರಳು) ಬಿಚ್ಚಿ ಬೇರೆ ಬೀಗದಲ್ಲಿ ಇಡುವುದೂ ಒಳ್ಳೆಯ ಉಪಾಯ. ತಯಾರಕರ ಕೈಪಿಡಿಯಲ್ಲಿ ನಿಮ್ಮ ಮಾಡೆಲ್ಲಿನ ಚಿತ್ರ ಇರುತ್ತದೆ, ಮೊದಲ ಸಲ ಅದನ್ನು ಎದುರಿಗಿಟ್ಟುಕೊಂಡೇ ಮಾಡಿ.

ಪೆಟ್ಟಿಗೆ, ಸೇಫ್‌ಗಳಲ್ಲಿ ಏನು ಕೆಡುತ್ತದೆ?

ಕಾರ್ಖಾನೆಯ ಸಂಖ್ಯೆಯನ್ನು ಬದಲಿಸದೆ ಬಿಡುವುದು ಮೊದಲ ದೋಷ. ಪೆಟ್ಟಿಗೆ ಮನೆಗೆ ಬಂದ ದಿನವೇ ಬದಲಿಸಿ. ಮಕ್ಕಳ ಹುಟ್ಟಿದ ದಿನ, ಮನೆ ನಂಬರ್, ಫೋನ್ ತೆರೆಯುವ ಸಂಖ್ಯೆ ಯಾವುದೂ ಬೇಡ. ಮಕ್ಕಳು ಮೊದಲು ಒತ್ತಿ ನೋಡುವುದೇ ಅವನ್ನು. ನೀವು ಒತ್ತುವುದನ್ನು ಮಗು ನೋಡಿದೆ ಅನಿಸಿದರೆ ಮತ್ತೆ ಬದಲಿಸಿ.

ಎಲೆಕ್ಟ್ರಾನಿಕ್ ಪೆಟ್ಟಿಗೆಯ ಜೊತೆ ಬರುವ ಬದಲಿ ಕೀಲಿ ಇನ್ನೊಂದು ದೋಷದ ಮೂಲ. ಅದು ಅಡುಗೆಮನೆ ಡ್ರಾಯರಿನಲ್ಲೇ ಇದ್ದರೆ ಸಂಖ್ಯೆಗೆ ಅರ್ಥವೇ ಇಲ್ಲ. ಆಫೀಸಿನ ಬೀಗದ ಡ್ರಾಯರ್ ಅಥವಾ ಬ್ಯಾಂಕ್ ಲಾಕರ್ ಅದಕ್ಕೆ ತಕ್ಕ ಜಾಗ. ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಬದಲಿಸಿ. ಬೆರಳಚ್ಚಿನ ಬೀಗ ಒದ್ದೆ ಕೈಗೆ ಹಲವು ಸಲ ತೆರೆಯುವುದಿಲ್ಲ. ಕೊಂಡ ಮೇಲೆ ಮನೆಯ ಬೇರೆಯವರ ಬೆರಳಿಟ್ಟು ತೆರೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಸಣ್ಣ ಪೆಟ್ಟಿಗೆಯನ್ನು ಎತ್ತಿಕೊಂಡೇ ಹೋಗಬಹುದು. ಆದ್ದರಿಂದ ತಳದ ರಂಧ್ರಗಳಿಂದ ನೆಲಕ್ಕೋ ಗೋಡೆಯ ಮರದ ಕಂಬಕ್ಕೋ ಬೋಲ್ಟ್ ಹಾಕಿ ಬಿಗಿಯಿರಿ. ಬಾಡಿಗೆ ಮನೆಯಲ್ಲಿ ಕೊರೆಯಲಾಗದಿದ್ದರೆ ಪೆಟ್ಟಿಗೆಯ ಉಕ್ಕಿನ ಹಗ್ಗವನ್ನು ಭಾರದ ಮಂಚದ ಚೌಕಟ್ಟಿಗೆ ಸುತ್ತಿ ಬಿಗಿಯಬಹುದು.

ಕಳ್ಳ ನುಗ್ಗಿದರೆ ಬೀಗ ತೆಗೆಯುತ್ತಾ ಕೂರಬೇಕೇ?

ಕೆಲವೇ ಸೆಕೆಂಡಿನಲ್ಲಿ ತೆರೆಯುವ, ಗುಂಡಿ ಒತ್ತುವ ಪೆಟ್ಟಿಗೆಗಳು ಇದಕ್ಕಾಗಿಯೇ ಇವೆ. ಹಾಸಿಗೆಯ ಪಕ್ಕ ಬೋಲ್ಟ್ ಹಾಕಿ ಕೂರಿಸಿ, ಬಂದೂಕು ಖಾಲಿ ಇರುವಾಗ ಕತ್ತಲಲ್ಲಿ ತೆರೆದು ಅಭ್ಯಾಸ ಮಾಡಿ. ದಿಂಬಿನಡಿ ಗುಂಡು ತುಂಬಿದ ಪಿಸ್ತೂಲು ಇಡುವುದರ ಬದಲು ಇದನ್ನು ಬಳಸಿ.

ಕಾರಿನಲ್ಲಿ ಬಿಟ್ಟು ಹೋಗಬಹುದೇ?

ಬಿಡದಿದ್ದರೆ ಒಳ್ಳೆಯದು. ಬಿಡಲೇಬೇಕಾದರೆ ಕ್ಯಾಲಿಫೋರ್ನಿಯಾದಲ್ಲಿ ಕೈಬಂದೂಕು ಬೀಗ ಹಾಕಿದ ಡಿಕ್ಕಿಯಲ್ಲಿ ಅಥವಾ ಕಣ್ಣಿಗೆ ಕಾಣದಂತಿಟ್ಟ ಬೀಗದ ಪೆಟ್ಟಿಗೆಯಲ್ಲಿ ಇರಬೇಕು. ಡ್ಯಾಶ್‌ಬೋರ್ಡಿನ ಗೂಡು ಇದಕ್ಕೆ ಬರುವುದಿಲ್ಲ. ಮಗುವನ್ನು ಶಾಲೆಗೆ ಬಿಡಲು ಹೊರಡುವ ಮುನ್ನ ಕಾರಿನಲ್ಲಿ ಬಂದೂಕಿಲ್ಲವೆಂದು ನೋಡಿ. ಶಾಲೆಯ ಸುತ್ತ 1,000 ಅಡಿಯೊಳಗೆ ಫೆಡರಲ್ ನಿರ್ಬಂಧವೂ ಇದೆ.

ಮಗಳು ಕೆಲವು ವಾರಗಳಿಂದ ಮಂಕಾಗಿದ್ದಾಳೆ, "ಬದುಕು ಸಾಕು" ಎನ್ನುತ್ತಾಳೆ. ಏನು ಮಾಡಬೇಕು?

"ವಯಸ್ಸಿನ ಸಿಟ್ಟು" ಎಂದು ತಳ್ಳಿಹಾಕಬೇಡಿ. ನೇರವಾಗಿ, ಮೆತ್ತಗೆ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ ಮಗಳೇ?" ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಸಂದೇಶವನ್ನೂ ಕಳಿಸಬಹುದು, ತಂದೆತಾಯಿಯೂ ಮಾಡಬಹುದು. ಜೀವಕ್ಕೆ ಈಗಲೇ ಅಪಾಯವಿದ್ದರೆ 911.

ಮನೆಯಲ್ಲಿ ಬಂದೂಕಿದ್ದರೆ ಅಂದೇ ಅದನ್ನು ಮನೆಯಿಂದ ಹೊರಗೆ ಸಾಗಿಸಿ. ಬಂದೂಕಿನಿಂದ ಮಾಡಿದ ಆತ್ಮಹತ್ಯೆ ಪ್ರಯತ್ನಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಾವಿನಲ್ಲೇ ಮುಗಿಯುತ್ತವೆ. ಬೇರೆ ಬಹುತೇಕ ವಿಧಾನಗಳಲ್ಲಿ ಬದುಕಿ ಉಳಿಯುವವರೇ ಹೆಚ್ಚು, ಉಳಿದವರಲ್ಲಿ ಬಹುಪಾಲು ಜನ ಆಮೇಲೂ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಕೆಲವು ನಿಮಿಷಗಳ ಆವೇಶದಲ್ಲಿ ಕೈಗೆ ಬಂದೂಕು ಸಿಗದಿರುವುದೇ ಜೀವ ಉಳಿಸುತ್ತದೆ. ಠಾಣೆ ಅಥವಾ ಪರವಾನಗಿ ಪಡೆದ ಅಂಗಡಿ ಸ್ವಲ್ಪ ದಿನ ಇಟ್ಟುಕೊಳ್ಳುತ್ತದೆಯೇ ಎಂದು ಮೊದಲು ಫೋನಿನಲ್ಲಿ ಕೇಳಿ. ಬಂದೂಕು ಹಿಡಿದು ಠಾಣೆಯೊಳಗೆ ನಡೆದುಹೋಗಬೇಡಿ. ಗೆಳೆಯರ ಕೈಗೆ ಕೊಡುವುದಕ್ಕೂ ಕಾನೂನಿನ ಷರತ್ತುಗಳಿವೆ. ಬಂದೂಕು ಇಟ್ಟುಕೊಂಡವರೇ ಅಪಾಯದಲ್ಲಿದ್ದು ಕೊಡಲು ಒಪ್ಪದಿದ್ದರೆ, ಮನೆಯವರು ಕೋರ್ಟಿಗೆ ಹೋಗಿ ತಾತ್ಕಾಲಿಕವಾಗಿ ಅದನ್ನು ತೆಗೆಸುವ ಆದೇಶ ಪಡೆಯಲು ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ದಾರಿ ಇದೆ.

ಮಗು ಗೆಳೆಯನ ಮನೆಗೆ ಆಡಲು ಹೋಗುತ್ತದೆ. ಅಲ್ಲಿ ಬಂದೂಕಿದೆಯೇ ಎಂದು ಕೇಳಿದರೆ ತಪ್ಪು ತಿಳಿಯುವುದಿಲ್ಲವೇ?

ಕೇಳುವ ಬಗೆಯಲ್ಲಿದೆ. ಕಡಲೆಕಾಯಿ ಅಲರ್ಜಿ, ನಾಯಿ, ಈಜುಕೊಳದ ಮಾತಿನ ಜೊತೆಗೇ ಸೇರಿಸಿ: "ಅವನಿಗೆ ಕಡಲೆಕಾಯಿ ಆಗಿಬರುವುದಿಲ್ಲ. ಇನ್ನೊಂದು, ಎಲ್ಲರನ್ನೂ ಕೇಳುತ್ತೇವೆ: ಮನೆಯಲ್ಲಿ ಬಂದೂಕಿದ್ದರೆ ಬೀಗ ಹಾಕಿದೆಯಲ್ಲವೇ?" ಮುಖಾಮುಖಿ ಸಂಕೋಚವಾದರೆ ಫೋನ್ ಸಂದೇಶ ಸಾಕು. ಜವಾಬ್ದಾರಿಯುಳ್ಳ ಬಂದೂಕಿನ ಯಜಮಾನ ಇದಕ್ಕೆ ಬೇಸರಿಸುವುದಿಲ್ಲ. ಉತ್ತರ ಸಮಾಧಾನ ಕೊಡದಿದ್ದರೆ ಗೆಳೆಯನನ್ನೇ ನಿಮ್ಮ ಮನೆಗೆ ಕರೆಯಿರಿ. ಕನ್ನಡ ಕೂಟದ ಗೆಳೆಯರ ಮನೆಯಾದರೂ ಕೇಳಿ.

ಮುಟ್ಟಬಾರದೆಂದು ಮಗುವಿಗೆ ಹೇಳಿಕೊಟ್ಟರೆ ಸಾಲದೇ?

ಹೇಳಿಕೊಡಿ: ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಆದರೆ ಅದನ್ನೇ ನಂಬಿ ಕೂರಬೇಡಿ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 8ರಿಂದ 12 ವರ್ಷದ ಹುಡುಗರನ್ನು ಗುಂಪುಗುಂಪಾಗಿ ಕೋಣೆಯಲ್ಲಿ ಬಿಟ್ಟು, ಡ್ರಾಯರಿನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇಟ್ಟಿದ್ದರು. ಅದು ಕಣ್ಣಿಗೆ ಬಿದ್ದ 21 ಗುಂಪುಗಳಲ್ಲಿ 16 ಗುಂಪಿನವರು ಕೈಗೆತ್ತಿಕೊಂಡರು, 10 ಗುಂಪುಗಳಲ್ಲಿ ಟ್ರಿಗರ್ ಎಳೆದೇಬಿಟ್ಟರು. ಅವರಲ್ಲಿ ಹೆಚ್ಚಿನವರು ಬಂದೂಕು ಸುರಕ್ಷತೆಯ ಪಾಠ ಕೇಳಿದ್ದವರೇ. ಕುತೂಹಲ ಮಗುವಿನ ಸ್ವಭಾವ. ಬೀಗ ಹಾಕುವ ಹೊಣೆ ದೊಡ್ಡವರದು.

ಶಾಲೆಯ ಸಂದೇಶದಲ್ಲಿ ಒಮ್ಮೆ ಹೋಲ್ಡ್, ಒಮ್ಮೆ ಸೆಕ್ಯೂರ್, ಒಮ್ಮೆ ಲಾಕ್‌ಡೌನ್ ಅಂತ ಬರುತ್ತದೆ. ವ್ಯತ್ಯಾಸ ಏನು?

ಬಹಳಷ್ಟು ಶಾಲೆಗಳು ಬಳಸುವ ಸಾಮಾನ್ಯ ಪದ್ಧತಿಯ ಪ್ರಕಾರ, ಹೋಲ್ಡ್ ಎಂದರೆ ಮಕ್ಕಳು ತಮ್ಮ ತರಗತಿಯಲ್ಲೇ ಇರಬೇಕು, ಮೊಗಸಾಲೆ ಖಾಲಿಯಾಗಬೇಕು. ಯಾರಿಗೋ ಹುಷಾರು ತಪ್ಪಿ ಸ್ಟ್ರೆಚರ್ ಬರುತ್ತಿದ್ದರೂ ಹೋಲ್ಡ್ ಹಾಕುತ್ತಾರೆ, ಪಾಠ ನಡೆಯುತ್ತಿರುತ್ತದೆ. ಸೆಕ್ಯೂರ್ ಎಂದರೆ ಅಪಾಯ ಶಾಲೆಯ ಹೊರಗಿದೆ. ಎಲ್ಲರನ್ನೂ ಒಳಗೆ ಕರೆದು ಹೊರಬಾಗಿಲುಗಳಿಗೆ ಬೀಗ ಹಾಕುತ್ತಾರೆ, ಒಳಗೆ ಪಾಠ ಮುಂದುವರಿಯುತ್ತದೆ. ಲಾಕ್‌ಡೌನ್ ಎಂದರೆ ಅಪಾಯ ಒಳಗಿದೆ ಅಥವಾ ಒಳಗಿರಬಹುದು: ಕೋಣೆಗೆ ಬೀಗ, ದೀಪ ಆರಿಸಿ, ಮಕ್ಕಳು ಕಣ್ಣಿಗೆ ಬೀಳದಂತೆ ಮೌನವಾಗಿ ಕೂರುತ್ತಾರೆ. ಎವ್ಯಾಕ್ಯುಯೇಟ್ ಎಂದರೆ ಹೊರಗೆ ಸಾಗಿಸುವುದು, ಶೆಲ್ಟರ್ ಎಂದರೆ ಸುಂಟರಗಾಳಿಯಂಥ ಅಪಾಯಕ್ಕೆ ಆಸರೆ. ಸಂದೇಶದಲ್ಲಿ "ಡ್ರಿಲ್" ಎಂಬ ಮಾತಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಇದ್ದರೆ ಅದು ಅಭ್ಯಾಸ.

ಲಾಕ್‌ಡೌನ್ ಸಂದೇಶ ಬಂದರೆ ಶಾಲೆಗೆ ಓಡಬೇಕೇ? ಮಗುವಿಗೆ ಫೋನ್ ಮಾಡಬೇಕೇ?

ಎರಡೂ ಬೇಡ. ಹೊಟ್ಟೆಯೊಳಗೆ ಬೆಂಕಿ ಬಿದ್ದಿರುತ್ತದೆ, ಅದು ಅರ್ಥವಾಗುತ್ತದೆ. ಆದರೆ ಪಾಲಕರ ಕಾರುಗಳು ರಸ್ತೆ ತುಂಬಿದರೆ ಆಂಬುಲೆನ್ಸ್ ಸಿಕ್ಕಿಕೊಳ್ಳುತ್ತದೆ, ಬಾಗಿಲ ಬಳಿ ಬಂದವರು ಯಾರೆಂದು ಪೊಲೀಸರಿಗೆ ತಿಳಿಯುವುದಿಲ್ಲ, ಲಾಕ್‌ಡೌನ್ ಮುಗಿಯುವವರೆಗೆ ಮಗುವನ್ನು ಯಾರಿಗೂ ಒಪ್ಪಿಸುವುದೂ ಇಲ್ಲ. ಕತ್ತಲ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತ ಮಗುವಿನ ಫೋನ್ ರಿಂಗಾದರೆ, ಪರದೆ ಬೆಳಗಿದರೆ ಅವರೆಲ್ಲಿದ್ದಾರೆಂದು ಗೊತ್ತಾಗಿಬಿಡುತ್ತದೆ. ಶಾಲೆಯ ಮುಂದಿನ ಸಂದೇಶಕ್ಕೆ ಕಾಯಿರಿ. ಮಕ್ಕಳನ್ನು ಒಪ್ಪಿಸುವ ಸ್ಥಳ ಅದರಲ್ಲಿ ಬರುತ್ತದೆ, ಅದು ಶಾಲೆಯಿಂದ ದೂರವೂ ಇರಬಹುದು. ಫೋನ್ ಚಾರ್ಜಿಗೆ ಹಾಕಿ, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಳ್ಳಿ.

ಬೇರೆ ಪಾಲಕರಿಗೆ ಸಂದೇಶ ಬಂದಿತ್ತು, ನಮಗೆ ಬರಲಿಲ್ಲ. ಯಾಕೆ?

ಸಾಮಾನ್ಯವಾಗಿ ಹಳೆಯ ನಂಬರ್ ಕಾರಣ. ದಾಖಲಾತಿಯ ದಿನ ಕೊಟ್ಟ ಸಂಖ್ಯೆ ಆಮೇಲೆ ಬದಲಾಗಿರುತ್ತದೆ, ಅಥವಾ ಒಬ್ಬ ಪಾಲಕರ ಸಂಖ್ಯೆ ಮಾತ್ರ ಇರುತ್ತದೆ. ಎಂದೋ ಒಂದು ದಿನ ಶಾಲೆಯ ಊಟದ ಪಟ್ಟಿ ಬೇಡವೆಂದು "ಸ್ಟಾಪ್" ಎಂದು ಉತ್ತರಿಸಿದ್ದರೆ ಆ ಸಂಖ್ಯೆಯಿಂದ ತುರ್ತು ಸಂದೇಶವೂ ನಿಂತುಹೋಗಿರಬಹುದು; ಅದೇ ಸಂಖ್ಯೆಗೆ "ಸ್ಟಾರ್ಟ್" ಎಂದು ಕಳಿಸಿ ನೋಡಿ, ಆಗದಿದ್ದರೆ ಶಾಲಾ ಕಚೇರಿಗೆ ಹೇಳಿ. ಶಾಲೆಯ ಸಂಖ್ಯೆಯನ್ನು ಹೆಸರಿನೊಂದಿಗೆ ಉಳಿಸಿ, ನಿಶ್ಶಬ್ದ ಮೋಡಿನಲ್ಲೂ ಸದ್ದಾಗುವಂತೆ ಮಾಡಿಕೊಳ್ಳಿ. ಅಭ್ಯಾಸ ಸಂದೇಶ ಇಬ್ಬರ ಫೋನಿಗೂ ಬಂತೇ ಎಂದು ಪ್ರತಿ ಸಲ ನೋಡಿ.

ಗುಂಪಿನಲ್ಲಿ "ನಾಳೆ ಶಾಲೆಯಲ್ಲಿ ಗುಂಡು ಹಾರಿಸುತ್ತೇನೆ" ಎಂಬ ಸ್ಕ್ರೀನ್‌ಶಾಟ್ ಓಡಾಡುತ್ತಿದೆ. ಮುಂದಕ್ಕೆ ಕಳಿಸಿ ಎಚ್ಚರಿಸಬೇಕೇ?

ಮುಂದಕ್ಕೆ ಕಳಿಸಬೇಡಿ. ಚಿತ್ರ ಉಳಿಸಿಕೊಂಡು, ಮೊದಲು ಯಾರಿಂದ ಯಾವಾಗ ಬಂತೆಂದು ಬರೆದುಕೊಂಡು, ಶಾಲೆಯ ಆಡಳಿತಕ್ಕೂ ಪೊಲೀಸರಿಗೂ ತಿಳಿಸಿ. ಈಗಲೇ ಅಪಾಯವೆನಿಸಿದರೆ 911. ಹತ್ತು ಗುಂಪು ಸುತ್ತಿದ ಚಿತ್ರದಲ್ಲಿ ಮೂಲ ಯಾರದೆಂದು ಪತ್ತೆ ಹಚ್ಚುವುದು ಕಷ್ಟ. ಎಷ್ಟೋ ಸಲ ಬೇರೆ ರಾಜ್ಯದ ಅದೇ ಹೆಸರಿನ ಶಾಲೆಯ ಬೆದರಿಕೆ ಇಲ್ಲಿ ಗದ್ದಲ ಎಬ್ಬಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿರುವ ಶಾಲೆಯ ಸಿಬ್ಬಂದಿ ಕೊಲೆ ಬೆದರಿಕೆ ಗಮನಕ್ಕೆ ಬಂದ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಪೊಲೀಸರು ತನಿಖೆಯಲ್ಲಿ ರಾಜ್ಯದ ಬಂದೂಕು ನೋಂದಣಿ ದಾಖಲೆಯನ್ನೂ ನೋಡಬೇಕು. ನಿಮ್ಮ ಮಗುವಿಗೂ ಹೇಳಿ: ತಮಾಷೆಗೆ ಬರೆದ ಬೆದರಿಕೆಯನ್ನೂ ಯಾರೂ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಊರಿಂದ ಬಂದ ಅಜ್ಜ ಅಜ್ಜಿ ಮಗುವನ್ನು ಕರೆದುಕೊಂಡು ಬರಬಹುದೇ?

ಅವರ ಹೆಸರು ಶಾಲೆಯ ತುರ್ತು ಸಂಪರ್ಕ ಪಟ್ಟಿಯಲ್ಲಿದ್ದರೆ ಮಾತ್ರ. ಸಾಮಾನ್ಯ ದಿನ ಗೇಟಿನಲ್ಲಿ ನಕ್ಕು ಬಿಡುವ ಸಿಬ್ಬಂದಿ ತುರ್ತಿನ ದಿನ ಪಟ್ಟಿಯಲ್ಲಿಲ್ಲದವರಿಗೆ ಮಗುವನ್ನು ಕೊಡುವುದಿಲ್ಲ, ಕೊಡಲೂಬಾರದು. ಅವರು ಬಂದಿಳಿದ ವಾರವೇ ಹೆಸರು ಸೇರಿಸಿ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವೇ ಪಟ್ಟಿಯಲ್ಲೂ ಇರಲಿ. "ಅಜ್ಜಿ ಶಾಂತಾ" ಎಂದು ಬರೆಸಿ, ಪಾಸ್‌ಪೋರ್ಟಿನಲ್ಲಿ ಶಾಂತಮ್ಮ ಎಂದಿದ್ದರೆ ಸಾಲಿನಲ್ಲಿ ನಿಲ್ಲಿಸಿಬಿಡುತ್ತಾರೆ. ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು, ಅವರ ಬಳಿ ಅದು ಪಾಸ್‌ಪೋರ್ಟೇ. ಮಗುವಿನ ಪೂರ್ತಿ ಹೆಸರು, ತರಗತಿ, ಶಿಕ್ಷಕರ ಹೆಸರು ಒಂದು ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಡಿ. ಒಪ್ಪಿಸುವ ಸ್ಥಳದಲ್ಲಿ ತುಂಬಬೇಕಾದ ಕಾರ್ಡಿನಲ್ಲಿ ಕೇಳುವುದು ಹೆಚ್ಚುಕಡಿಮೆ ಇಷ್ಟೇ.